ಮಕ್ಕಳ ಆಸ್ಪತ್ರೆಯ ಕ್ರಿಮಿಶುದ್ಧೀಕರಣ ವಿಭಾಗ: ನಿರ್ವಹಣೆ ಮತ್ತು ವೆಚ್ಚದ ಲೆಕ್ಕ

ಆಸ್ಪತ್ರೆಯೊಂದರ ಆದಾಯ-ವೆಚ್ಚದ ತಃಖ್ತೆಯನ್ನು ಪರಿಶೀಲಿಸುವವರಿಗೆ ಒಳರೋಗಿ ವಿಭಾಗ, ಹೊರರೋಗಿ ವಿಭಾಗ, ಪ್ರಯೋಗಾಲಯ, ಎಕ್ಸ್-ರೇ, ಔಷಧ ಮಳಿಗೆ ಮುಂತಾದವು ಆದಾಯದ ಬಾಬುಗಳಾಗಿ ಸ್ಪಷ್ಟವಾಗಿ ಕಾಣಸಿಗುತ್ತವೆ. ಕ್ರಿಮಿಶುದ್ಧೀಕರಣ ವಿಭಾಗ ಮಾತ್ರ ಎಲ್ಲಿಯೂ ಕಾಣುವುದಿಲ್ಲ. ಅದು ಯಾವ ರೋಗಿಗೂ ಬಿಲ್ಲು ನೀಡುವುದಿಲ್ಲ. ಅದರ ಖರ್ಚು ವೇತನ, ವಿದ್ಯುತ್, ನೀರು, ದುರಸ್ತಿ, ಸಾಮಗ್ರಿ ಎಂಬ ಬೇರೆ ಬೇರೆ ಶೀರ್ಷಿಕೆಗಳಡಿ ಹಂಚಿಹೋಗಿರುತ್ತದೆ. ಆದಾಯವನ್ನು ತರದ, ವೆಚ್ಚವೂ ಪ್ರತ್ಯೇಕವಾಗಿ ತಿಳಿಯದ ಇಂತಹ ವಿಭಾಗದ ಮೇಲೆ ಮಿತವ್ಯಯದ ಕತ್ತರಿ ಮೊದಲು ಬೀಳುವುದು ಸಾಮಾನ್ಯ ಅನುಭವ. ಈ ಕತ್ತರಿ ಎಲ್ಲಿ ಬೀಳಬಹುದು, ಎಲ್ಲಿ ಸರ್ವಥಾ ಬೀಳಬಾರದು ಎಂಬುದನ್ನು ನಿರ್ಧರಿಸಬೇಕಾದರೆ ವಿಭಾಗದ ಕಾರ್ಯವಿಧಾನ ಹಾಗೂ ಅದರ ವೆಚ್ಚ ಎರಡೂ ತಿಳಿದಿರಬೇಕು.

ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಹಾಗೂ ವಾಣಿವಿಲಾಸ ಆಸ್ಪತ್ರೆ, ಮೈಸೂರಿನ ಚೆಲುವಾಂಬ ಆಸ್ಪತ್ರೆಗಳಂತಹ ಸರ್ಕಾರಿ ವ್ಯವಸ್ಥೆಯ ಸಂಸ್ಥೆಗಳ ಜೊತೆಗೆ ಖಾಸಗಿ ವಲಯದಲ್ಲಿಯೂ ಮಕ್ಕಳಿಗಾಗಿಯೇ ಮೀಸಲಾದ ಆಸ್ಪತ್ರೆಗಳು ರಾಜ್ಯದಲ್ಲಿ ಸ್ಥಾಪನೆಯಾಗಿವೆ. ಇವುಗಳಲ್ಲಿ ಬಂಡವಾಳ ಹೂಡಿದ ಉದ್ಯಮಿಗಳು, ಧರ್ಮದರ್ಶಿಗಳು, ಉಪಕರಣ ಪೂರೈಸುವ ವರ್ತಕರು, ಹೊರಗುತ್ತಿಗೆ ಸೇವೆ ನೀಡಲು ಬಯಸುವ ಸಣ್ಣ ಉದ್ದಿಮೆದಾರರು ಇವರೆಲ್ಲರಿಗೂ ಈ ವಿಷಯ ಪ್ರಯೋಜನಕಾರಿ.

ವಿಭಾಗದ ಸ್ವರೂಪ

ಕೇಂದ್ರೀಯ ಕ್ರಿಮಿಶುದ್ಧೀಕರಣ ಮತ್ತು ಸರಬರಾಜು ವಿಭಾಗವನ್ನು ಆಸ್ಪತ್ರೆಗಳಲ್ಲಿ ಸಿ.ಎಸ್.ಎಸ್.ಡಿ. ಎಂದೇ ಕರೆಯುವುದು ರೂಢಿ. ಆಪರೇಷನ್ ಥಿಯೇಟರ್, ತೀವ್ರ ನಿಗಾ ಘಟಕ ಮತ್ತು ವಾರ್ಡುಗಳಲ್ಲಿ ಬಳಕೆಯಾದ ಉಪಕರಣಗಳನ್ನು ಸಂಗ್ರಹಿಸಿ, ತೊಳೆದು, ಪರೀಕ್ಷಿಸಿ, ಕಟ್ಟಿ, ಕ್ರಿಮಿಶುದ್ಧಗೊಳಿಸಿ ಪುನಃ ವಿತರಿಸುವುದು ಇದರ ಕೆಲಸ. ವಾಣಿಜ್ಯದ ಪರಿಭಾಷೆಯಲ್ಲಿ ಹೇಳುವುದಾದರೆ ಇದೊಂದು ಉತ್ಪಾದನಾ ಘಟಕ. ಇಲ್ಲಿ ಕಚ್ಚಾ ಸಾಮಗ್ರಿ ಎಂದರೆ ಬಳಕೆಯಾದ ಉಪಕರಣ. ಸಿದ್ಧವಸ್ತು ಎಂದರೆ ಕ್ರಿಮಿಶುದ್ಧವಾದ ಕಟ್ಟು. ಇತರ ಕಾರ್ಖಾನೆಗಳಿಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಸಿದ್ಧವಸ್ತುವಿನ ಗುಣಮಟ್ಟವನ್ನು ಕಣ್ಣಿನಿಂದ ನೋಡಿ ತಿಳಿಯುವುದು ಇಲ್ಲಿ ಸಾಧ್ಯವಿಲ್ಲ. ಕಟ್ಟನ್ನು ತೆರೆದು ಪರೀಕ್ಷಿಸಿದರೆ ಅದು ಬಳಕೆಗೆ ಯೋಗ್ಯವಾಗಿ ಉಳಿಯುವುದಿಲ್ಲ. ಆದುದರಿಂದ ಗುಣಮಟ್ಟದ ಭರವಸೆ ಬರುವುದು ಪ್ರಕ್ರಿಯೆಯ ಶಿಸ್ತು ಮತ್ತು ದಾಖಲೆಗಳಿಂದ ಮಾತ್ರ.

ಯಾವ ಉಪಕರಣಕ್ಕೆ ಯಾವ ಮಟ್ಟದ ಶುದ್ಧಿ ಬೇಕೆಂಬುದಕ್ಕೆ ಅಮೆರಿಕದ ಸೂಕ್ಷ್ಮಜೀವಿ ವಿಜ್ಞಾನಿ ಅರ್ಲ್ ಸ್ಪಾಲ್ಡಿಂಗ್ ಅವರು 1968ರಲ್ಲಿ ಪ್ರಕಟಿಸಿದ ವರ್ಗೀಕರಣವೇ ಇಂದಿಗೂ ಆಧಾರ. ಅದರಂತೆ ಉಪಕರಣಗಳು ಮೂರು ವಿಧ:

1. ರಕ್ತನಾಳ ಅಥವಾ ದೇಹದ ಒಳಭಾಗವನ್ನು ಪ್ರವೇಶಿಸುವಂಥವು. ಇವು ಸಂಪೂರ್ಣ ಕ್ರಿಮಿಶುದ್ಧವಾಗಿರಬೇಕು.
2. ಬಾಯಿ, ಶ್ವಾಸನಾಳ ಮುಂತಾದೆಡೆ ಒಳಪೊರೆಯನ್ನು ಮುಟ್ಟುವಂಥವು. ಇವುಗಳಿಗೆ ಕನಿಷ್ಠಪಕ್ಷ ಉನ್ನತ ಮಟ್ಟದ ಸೋಂಕುನಿವಾರಣೆ ಆಗಬೇಕು.
3. ಗಾಯವಿಲ್ಲದ ಚರ್ಮವನ್ನು ಮಾತ್ರ ಮುಟ್ಟುವಂಥವು. ಇವುಗಳಿಗೆ ಶುಚಿಗೊಳಿಸುವಿಕೆ ಅಥವಾ ಕೆಳಮಟ್ಟದ ಸೋಂಕುನಿವಾರಣೆ ಸಾಕು.

ಈ ವರ್ಗೀಕರಣ ವೆಚ್ಚದ ದೃಷ್ಟಿಯಿಂದಲೂ ಉಪಯುಕ್ತ. ಮೂರನೆಯ ವರ್ಗದ ವಸ್ತುಗಳನ್ನು ಅನಗತ್ಯವಾಗಿ ಆಟೋಕ್ಲೇವ್‌ಗೆ ಹಾಕುವುದು ವ್ಯರ್ಥ ಖರ್ಚು. ಮೊದಲ ವರ್ಗದ ವಸ್ತುವನ್ನು ದ್ರಾವಣದಲ್ಲಿ ಅದ್ದಿ ತೆಗೆಯುವುದು ಉಳಿತಾಯವಲ್ಲ, ಅಪಾಯ.

ಮಕ್ಕಳ ಆಸ್ಪತ್ರೆಯ ವಿಶೇಷತೆಗಳು

ಮಕ್ಕಳ ಆಸ್ಪತ್ರೆಯ ಸಿ.ಎಸ್.ಎಸ್.ಡಿ. ಸಾಮಾನ್ಯ ಆಸ್ಪತ್ರೆಯ ವಿಭಾಗದ ಸಣ್ಣ ಪ್ರತಿಯಲ್ಲ. ಅದರ ಕಷ್ಟಗಳೇ ಬೇರೆ.

ಮೊದಲನೆಯದು ಉಪಕರಣಗಳ ಗಾತ್ರ. ವಯಸ್ಕರ ಉದರದರ್ಶಕ ಶಸ್ತ್ರಚಿಕಿತ್ಸೆಯಲ್ಲಿ 5 ಅಥವಾ 10 ಮಿಲಿಮೀಟರ್ ವ್ಯಾಸದ ಉಪಕರಣಗಳು ಬಳಕೆಯಾದರೆ, ಶಿಶುಗಳಿಗೆ 3 ಮಿಲಿಮೀಟರ್ ಉಪಕರಣಗಳು ಬೇಕಾಗುತ್ತವೆ. ಕೊಳವೆ ಕಿರಿದಾದಷ್ಟೂ ಒಳಗಿನ ರಕ್ತ ಮತ್ತು ಕಫವನ್ನು ತೆಗೆಯುವುದು ಕಷ್ಟ. ಬ್ರಷ್ಷು ಒಳಹೋಗುವುದಿಲ್ಲ, ನೀರು ರಭಸವಾಗಿ ಹರಿಯುವುದಿಲ್ಲ, ಒಣಗಲು ಹೆಚ್ಚು ಕಾಲ ಬೇಕು. ಹೈಡ್ರೋಜನ್ ಪೆರಾಕ್ಸೈಡ್ ಪ್ಲಾಸ್ಮಾ ಯಂತ್ರಗಳಿಗೆ ಕೊಳವೆಯ ವ್ಯಾಸ ಮತ್ತು ಉದ್ದದ ಮಿತಿಯನ್ನು ತಯಾರಕರೇ ನಿಗದಿಪಡಿಸಿರುತ್ತಾರೆ. ವಯಸ್ಕರ ಉಪಕರಣಕ್ಕೆ ಒಪ್ಪುವ ಯಂತ್ರ ಶಿಶುವಿನ ಉಪಕರಣಕ್ಕೆ ಒಪ್ಪದೇ ಇರಬಹುದು. ಯಂತ್ರ ಖರೀದಿಗೆ ಮುನ್ನ ಆಸ್ಪತ್ರೆಯಲ್ಲಿರುವ ಅತ್ಯಂತ ಕಿರಿದಾದ ಕೊಳವೆಯ ಅಳತೆಯನ್ನು ಸರಬರಾಜುದಾರರಿಗೆ ಲಿಖಿತವಾಗಿ ನೀಡಿ ಉತ್ತರ ಪಡೆಯುವುದು ವಿವೇಕ.

ಎರಡನೆಯದು ಅಳತೆಗಳ ವೈವಿಧ್ಯ. ಒಂದೂವರೆ ಕಿಲೋ ತೂಕದ ನವಜಾತ ಶಿಶುವಿಗೂ ಹದಿನಾಲ್ಕು ವರ್ಷದ ಬಾಲಕನಿಗೂ ಒಂದೇ ಆಸ್ಪತ್ರೆ ಚಿಕಿತ್ಸೆ ನೀಡಬೇಕು. ಹಾಗಾಗಿ ಒಂದೇ ಬಗೆಯ ಉಪಕರಣ ನಾಲ್ಕೈದು ಅಳತೆಗಳಲ್ಲಿ ಇರಬೇಕಾಗುತ್ತದೆ. ಒಟ್ಟು ಉಪಕರಣಗಳ ಸಂಖ್ಯೆ ದೊಡ್ಡದಾಗಿ ಕಂಡರೂ ಒಂದೊಂದು ಅಳತೆಯಲ್ಲಿ ಒಂದೋ ಎರಡೋ ಸೆಟ್ಟುಗಳು ಮಾತ್ರ ಇರುತ್ತವೆ. ಕಡಲೆಬೀಜ ಶ್ವಾಸನಾಳಕ್ಕೆ ಸಿಕ್ಕಿಹಾಕಿಕೊಂಡ ಮಗು ರಾತ್ರಿ ಬಂದಾಗ ಆ ವಯಸ್ಸಿಗೆ ಹೊಂದುವ ಬ್ರಾಂಕೋಸ್ಕೋಪ್ ಸಿದ್ಧವಿದೆಯೇ ಎಂಬುದೇ ಮುಖ್ಯ. ದಾಸ್ತಾನು ಪುಸ್ತಕದಲ್ಲಿ ಒಟ್ಟು ಎಷ್ಟು ಬ್ರಾಂಕೋಸ್ಕೋಪ್‌ಗಳಿವೆ ಎಂಬುದು ಆಗ ಪ್ರಯೋಜನಕ್ಕೆ ಬಾರದು.

ಮೂರನೆಯದು ರಾಸಾಯನಿಕ ಶೇಷ. ಶಾಖ ತಾಳದ ವಸ್ತುಗಳಿಗೆ ಎಥಿಲೀನ್ ಆಕ್ಸೈಡ್ ಅನಿಲವನ್ನು ಬಳಸುವುದುಂಟು. ಇದನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1994ರಲ್ಲಿ ಮಾನವರಿಗೆ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. ಪ್ಲಾಸ್ಟಿಕ್ ವಸ್ತುಗಳು ಈ ಅನಿಲವನ್ನು ಹೀರಿಕೊಳ್ಳುವುದರಿಂದ 50ರಿಂದ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ 8ರಿಂದ 12 ಗಂಟೆಗಳ ಕಾಲ ಯಾಂತ್ರಿಕವಾಗಿ ಗಾಳಿಯಾಡಿಸಿದ ಮೇಲೆಯೇ ಅವನ್ನು ಬಿಡುಗಡೆ ಮಾಡಬೇಕು. ದೊಡ್ಡವರ ದೇಹಕ್ಕೆ ಅಲ್ಪವೆನಿಸುವ ಶೇಷ ಶಿಶುವಿನ ತೂಕಕ್ಕೆ ಅಲ್ಪವಲ್ಲ. ಶೇಷದ ಮಿತಿಗಳನ್ನು ನಿಗದಿಪಡಿಸುವ ಐ.ಎಸ್.ಒ. 10993-7 ಮಾನಕಕ್ಕೆ 2019ರಲ್ಲಿ ನವಜಾತ ಹಾಗೂ ಹಸುಳೆಗಳ ಕುರಿತಾದ ತಿದ್ದುಪಡಿಯನ್ನು ಸೇರಿಸಿರುವುದು ಈ ಕಾರಣಕ್ಕಾಗಿಯೇ. ಅಂತೆಯೇ ಶಿಶುಗಳ ತೊಟ್ಟಿಲು ಮತ್ತು ಇನ್‌ಕ್ಯುಬೇಟರ್‌ಗಳನ್ನು ಶುಚಿಗೊಳಿಸಲು ಫೀನಾಲ್ ವರ್ಗದ ದ್ರಾವಣಗಳನ್ನು ಬಳಸಬಾರದು. ಅವುಗಳ ಬಳಕೆಯಿಂದ ನವಜಾತ ಶಿಶುಗಳಲ್ಲಿ ಕಾಮಾಲೆ ಕಾಣಿಸಿಕೊಂಡ ನಿದರ್ಶನಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ಖರೀದಿ ವಿಭಾಗ ಅಗ್ಗದ ದರಪಟ್ಟಿಯನ್ನು ಒಪ್ಪುವ ಮುನ್ನ ಈ ಅಂಶವನ್ನು ಗಮನಿಸಬೇಕು.

ಉಪಕರಣ ಸಾಗುವ ಹಾದಿ

ವಿಭಾಗದ ಕಟ್ಟಡವನ್ನು ಮೂರು ವಲಯಗಳಾಗಿ ವಿಂಗಡಿಸಬೇಕು: ಮಲಿನ ವಲಯ, ಶುಚಿ ವಲಯ, ಕ್ರಿಮಿಶುದ್ಧ ವಲಯ. ಉಪಕರಣ ಒಂದೇ ದಿಕ್ಕಿನಲ್ಲಿ ಸಾಗಬೇಕು. ಹಿಂದಿರುಗಬಾರದು, ಹಾದಿ ಅಡ್ಡಹಾಯಬಾರದು. ಮಲಿನ ವಲಯದ ಗಾಳಿ ಶುಚಿ ವಲಯದ ಕಡೆಗೆ ಹರಿಯದಂತೆ ವಾಯು ಒತ್ತಡವನ್ನು ಕಾಪಾಡಬೇಕು. ಕಟ್ಟಡದ ನಕ್ಷೆ ತಯಾರಾಗುವ ಹಂತದಲ್ಲಿಯೇ ಇದನ್ನು ಮಾಡದಿದ್ದರೆ ಅನಂತರ ಗೋಡೆ ಒಡೆಯುವ ಖರ್ಚು ತಪ್ಪಿದ್ದಲ್ಲ.

ಪ್ರಕ್ರಿಯೆಯ ಅತ್ಯಂತ ಮಹತ್ವದ ಹಂತ ತೊಳೆಯುವುದು. ರಕ್ತ ಅಂಟಿದ ಜಾಗಕ್ಕೆ ಉಗಿ ತಲುಪುವುದಿಲ್ಲ. ತೊಳೆಯದ ಉಪಕರಣವನ್ನು ಎಷ್ಟು ಹೊತ್ತು ಆಟೋಕ್ಲೇವ್‌ನಲ್ಲಿಟ್ಟರೂ ಅದು ಕ್ರಿಮಿಶುದ್ಧವಾದಂತಲ್ಲ. ಥಿಯೇಟರಿನಲ್ಲಿಯೇ ಉಪಕರಣ ಒಣಗದಂತೆ ತೇವವಾಗಿಟ್ಟು, ಮುಚ್ಚಿದ ಪೆಟ್ಟಿಗೆಯಲ್ಲಿ ಸಾಗಿಸಿ, ಕಿಣ್ವಯುಕ್ತ ದ್ರಾವಣದಲ್ಲಿ ನೆನೆಸಿ, ಶ್ರವಣಾತೀತ ತರಂಗದ ತೊಟ್ಟಿಯಲ್ಲಿ ಶುಚಿಗೊಳಿಸಿ, ಬಳಿಕ ಒಣಗಿಸಿ, ಭೂತಗನ್ನಡಿಯ ಕೆಳಗೆ ಪರೀಕ್ಷಿಸಬೇಕು. ಶಿಶು ಶಸ್ತ್ರಚಿಕಿತ್ಸೆಯ ಸೂಕ್ಷ್ಮ ಕತ್ತರಿ ಮತ್ತು ಚಿಮುಟಗಳ ತುದಿ ಬಾಗಿದ್ದರೂ ಬರಿಗಣ್ಣಿಗೆ ಕಾಣುವುದಿಲ್ಲ. ಇವನ್ನು ಭಾರವಾದ ಉಪಕರಣಗಳೊಂದಿಗೆ ಒಂದೇ ತಟ್ಟೆಯಲ್ಲಿ ಹಾಕುವುದರಿಂದ ಆಗುವ ನಷ್ಟ ವರ್ಷಾಂತ್ಯದಲ್ಲಿ 'ಉಪಕರಣ ಬದಲಾವಣೆ' ಎಂಬ ಶೀರ್ಷಿಕೆಯಲ್ಲಿ ಕಾಣಿಸಿಕೊಳ್ಳುತ್ತದೆ. ಅದರ ಕಾರಣ ಮಾತ್ರ ಅಲ್ಲಿ ಬರೆದಿರುವುದಿಲ್ಲ.

ಉಗಿ, ನೀರು, ವಿದ್ಯುತ್

ಫ್ರಾನ್ಸಿನ ಚಾರ್ಲ್ಸ್ ಚೇಂಬರ್‌ಲ್ಯಾಂಡ್ 1879ರಲ್ಲಿ ರೂಪಿಸಿದ ಆಟೋಕ್ಲೇವ್‌ನ ತತ್ವವೇ ಇಂದಿನ ಯಂತ್ರಗಳಿಗೂ ಮೂಲ. ಒತ್ತಡದಲ್ಲಿರುವ ಆರ್ದ್ರ ಉಗಿ ಸೂಕ್ಷ್ಮಾಣುಗಳನ್ನು ನಾಶಪಡಿಸುತ್ತದೆ. ಸಾಮಾನ್ಯವಾಗಿ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 15 ನಿಮಿಷ, ಅಥವಾ ನಿರ್ವಾತ ಯಂತ್ರಗಳಲ್ಲಿ 134 ಡಿಗ್ರಿಯಲ್ಲಿ ಕನಿಷ್ಠ 3 ನಿಮಿಷ ಈ ಉಷ್ಣತೆಯನ್ನು ಕಾಯ್ದುಕೊಳ್ಳಬೇಕು. ಯಂತ್ರ ಮತ್ತು ಉಪಕರಣಗಳ ತಯಾರಕರು ಇದಕ್ಕಿಂತ ಹೆಚ್ಚಿನ ಅವಧಿ ಸೂಚಿಸಿದ್ದರೆ ಅದೇ ಅಂತಿಮ.

ಇಲ್ಲೊಂದು ಸ್ಥಳೀಯ ಅಂಶವನ್ನು ಗಮನಿಸಬೇಕು. 15 ಪೌಂಡ್ ಒತ್ತಡಕ್ಕೆ 121 ಡಿಗ್ರಿ ಉಷ್ಣತೆ ಎಂಬ ರೂಢಿಯ ಲೆಕ್ಕ ಸಮುದ್ರಮಟ್ಟಕ್ಕೆ ಸಂಬಂಧಿಸಿದ್ದು. ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ವಾತಾವರಣದ ಒತ್ತಡ ಕಡಿಮೆಯಾದ್ದರಿಂದ ಮಾಪಕ ಅದೇ 15 ಪೌಂಡ್ ತೋರಿಸಿದಾಗ ಒಳಗಿನ ಉಷ್ಣತೆ ಒಂದೂವರೆಯಿಂದ ಎರಡು ಡಿಗ್ರಿಯಷ್ಟು ಕಡಿಮೆ ಇರುತ್ತದೆ. ಮಂಗಳೂರಿನಲ್ಲಿ ಸರಿಹೋಗುವ ಮಾಪಕದ ಅಂಕಿ ಬೆಂಗಳೂರಿನಲ್ಲಿ ಸರಿಹೋಗದು. ಹಳೆಯ ಮಾದರಿಯ ಸರಳ ಆಟೋಕ್ಲೇವ್ ಬಳಸುವ ಸಣ್ಣ ಆಸ್ಪತ್ರೆಗಳು ಒತ್ತಡವನ್ನಲ್ಲ, ಉಷ್ಣತೆಯನ್ನೇ ನೋಡಿ ಸಮಯ ಎಣಿಸಬೇಕು.

ಕೊಳವೆಬಾವಿಯ ಗಡಸು ನೀರು ಮತ್ತೊಂದು ಸಮಸ್ಯೆ. ಅದರಿಂದ ಬಾಯ್ಲರಿನ ಒಳಗೆ ಸುಣ್ಣದ ಪದರ ಕಟ್ಟಿ ವಿದ್ಯುತ್ ಖರ್ಚು ಏರುತ್ತದೆ. ಉಪಕರಣಗಳ ಮೇಲೆ ಕಲೆ ಉಳಿಯುತ್ತದೆ. ಶುದ್ಧೀಕರಿಸಿದ ಮೃದು ನೀರಿನ ವ್ಯವಸ್ಥೆ ಐಷಾರಾಮವಲ್ಲ. ಅಂತೆಯೇ ಮಧ್ಯದಲ್ಲಿ ವಿದ್ಯುತ್ ಹೋದರೆ ಆ ಸುತ್ತನ್ನು ಮೊದಲಿನಿಂದ ನಡೆಸಬೇಕೇ ಹೊರತು ನಿಂತಲ್ಲಿಂದ ಮುಂದುವರಿಸುವಂತಿಲ್ಲ. ಜನರೇಟರ್ ಸಂಪರ್ಕ ಥಿಯೇಟರಿಗೆ ಇದ್ದು ಈ ವಿಭಾಗಕ್ಕೆ ಇಲ್ಲದಿರುವುದು ಯೋಜನೆಯ ಲೋಪ.

ಗುಣಮಟ್ಟದ ಸಾಕ್ಷ್ಯ

ಲೆಕ್ಕಪರಿಶೋಧನೆಯಲ್ಲಿ ವೋಚರ್ ಇಲ್ಲದ ಖರ್ಚನ್ನು ಒಪ್ಪುವುದಿಲ್ಲ. ಕ್ರಿಮಿಶುದ್ಧೀಕರಣದಲ್ಲಿಯೂ ಸಾಕ್ಷ್ಯವಿಲ್ಲದ ಕಟ್ಟನ್ನು ಒಪ್ಪಬಾರದು. ಈ ಸಾಕ್ಷ್ಯ ಮೂರು ಬಗೆಯದು.

1. ಭೌತಿಕ ಸಾಕ್ಷ್ಯ: ಪ್ರತಿ ಸುತ್ತಿನ ಉಷ್ಣತೆ, ಒತ್ತಡ, ಸಮಯಗಳ ಮುದ್ರಿತ ದಾಖಲೆ. ನಿರ್ವಾತ ಯಂತ್ರಗಳಲ್ಲಿ ಗಾಳಿ ಪೂರ್ತಿ ಹೊರಹೋಗುತ್ತಿದೆಯೇ ಎಂಬುದನ್ನು ತಿಳಿಯಲು ಪ್ರತಿದಿನ ಮೊದಲ ಸುತ್ತಿಗೆ ಮುನ್ನ ಬೋವಿ-ಡಿಕ್ ಪರೀಕ್ಷೆ ನಡೆಸಬೇಕು. 1963ರಿಂದ ಬಳಕೆಯಲ್ಲಿರುವ ಪರೀಕ್ಷೆಯಿದು.
2. ರಾಸಾಯನಿಕ ಸಾಕ್ಷ್ಯ: ಕಟ್ಟಿನ ಹೊರಗೂ ಒಳಗೂ ಇಡುವ ಬಣ್ಣ ಬದಲಾಗುವ ಪಟ್ಟಿಗಳು. ಹೊರಗಿನ ಟೇಪು ಕಟ್ಟು ಯಂತ್ರದೊಳಗೆ ಹೋಗಿತ್ತು ಎಂಬುದನ್ನಷ್ಟೇ ಹೇಳುತ್ತದೆ. ಕಟ್ಟಿನ ಮಧ್ಯಕ್ಕೆ ಉಗಿ ತಲುಪಿತೇ ಎಂಬುದನ್ನು ಒಳಗಿನ ಪಟ್ಟಿ ಹೇಳಬೇಕು.
3. ಜೈವಿಕ ಸಾಕ್ಷ್ಯ: ಶಾಖವನ್ನು ಬಹಳವಾಗಿ ತಡೆದುಕೊಳ್ಳುವ ಬ್ಯಾಕ್ಟೀರಿಯಾದ ಬೀಜಾಣುಗಳನ್ನು ಯಂತ್ರದಲ್ಲಿಟ್ಟು ಅವು ಸತ್ತವೇ ಎಂದು ನೋಡುವುದು. ಉಗಿಗೆ ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೋಫಿಲಸ್, ಎಥಿಲೀನ್ ಆಕ್ಸೈಡ್‌ಗೆ ಬ್ಯಾಸಿಲಸ್ ಅಟ್ರೋಫೇಯಸ್ ಬಳಕೆಯಾಗುತ್ತವೆ. ವಾರಕ್ಕೊಮ್ಮೆ ಕನಿಷ್ಠ, ಪ್ರತಿದಿನ ಉತ್ತಮ. ದೇಹದೊಳಗೆ ಉಳಿಯುವ ಇಂಪ್ಲಾಂಟ್‌ಗಳ ಸುತ್ತಿನಲ್ಲಿ ಪ್ರತಿಬಾರಿಯೂ ಅಗತ್ಯ. ಫಲಿತಾಂಶ ಬರುವವರೆಗೆ ಅವನ್ನು ಬಿಡುಗಡೆ ಮಾಡಬಾರದು.

ಕಟ್ಟು ಯಂತ್ರದಿಂದ ಒದ್ದೆಯಾಗಿ ಹೊರಬಂದರೆ, ಹರಿದಿದ್ದರೆ, ನೆಲಕ್ಕೆ ಬಿದ್ದರೆ ಅದನ್ನು ಪುನಃ ಮೊದಲಿನಿಂದ ಸಂಸ್ಕರಿಸಬೇಕು.

ಘಟಕವಾರು ವೆಚ್ಚ

ಸಿ.ಎಸ್.ಎಸ್.ಡಿ.ಯನ್ನು ಪ್ರತ್ಯೇಕ ವೆಚ್ಚ ಕೇಂದ್ರವಾಗಿ ಪರಿಗಣಿಸಿದರೆ ಲೆಕ್ಕ ಹೇಗಿರುತ್ತದೆ ಎಂಬುದಕ್ಕೆ ಒಂದು ಉದಾಹರಣೆ. ಕೆಳಗಿನ ಅಂಕಿಗಳು ವಿಧಾನವನ್ನು ತೋರಿಸಲು ಊಹಿಸಿಕೊಂಡವು. ಪ್ರತಿ ಆಸ್ಪತ್ರೆ ತನ್ನ ಅಂಕಿಗಳನ್ನು ಹಾಕಿಕೊಳ್ಳಬೇಕು.

ಮಾಸಿಕ ವೆಚ್ಚ (ರೂ.):
ವೇತನ ಮತ್ತು ಭತ್ಯೆ: 2,40,000
ವಿದ್ಯುತ್ ಮತ್ತು ಉಗಿ: 90,000
ನೀರು: 15,000
ತೊಳೆಯುವ ದ್ರಾವಣಗಳು: 45,000
ಕಟ್ಟುವ ಸಾಮಗ್ರಿ: 75,000
ಪರೀಕ್ಷಾ ಪಟ್ಟಿ ಮತ್ತು ಜೈವಿಕ ಸೂಚಕಗಳು: 30,000
ನಿರ್ವಹಣಾ ಗುತ್ತಿಗೆ: 35,000
ಸವಕಳಿ: 70,000
ಒಟ್ಟು: 6,00,000

ತಿಂಗಳಿಗೆ 3,000 ಸಣ್ಣ ಪೊಟ್ಟಣಗಳು, 500 ಮಧ್ಯಮ ಸೆಟ್ಟುಗಳು, 250 ದೊಡ್ಡ ಸೆಟ್ಟುಗಳು, ಒಟ್ಟು 3,750 ಕಟ್ಟುಗಳು ತಯಾರಾಗುತ್ತವೆ ಎಂದಿಟ್ಟುಕೊಳ್ಳೋಣ. ಸರಾಸರಿ ತೆಗೆದರೆ ಕಟ್ಟೊಂದಕ್ಕೆ 160 ರೂಪಾಯಿ. ಆದರೆ ಒಂದು ಚಿಮುಟದ ಪೊಟ್ಟಣಕ್ಕೂ ನಲವತ್ತು ಉಪಕರಣಗಳ ತಟ್ಟೆಗೂ ಒಂದೇ ದರ ಹಾಕುವುದು ತಪ್ಪು. ಶ್ರಮ ಮತ್ತು ಯಂತ್ರದಲ್ಲಿನ ಸ್ಥಳದ ಆಧಾರದ ಮೇಲೆ ಸಣ್ಣದಕ್ಕೆ 1, ಮಧ್ಯಮಕ್ಕೆ 5, ದೊಡ್ಡದಕ್ಕೆ 10 ಎಂದು ತೂಕ ಕೊಟ್ಟರೆ ಒಟ್ಟು 3,000 + 2,500 + 2,500 = 8,000 ಘಟಕಗಳಾಗುತ್ತವೆ. ಘಟಕವೊಂದಕ್ಕೆ 75 ರೂಪಾಯಿ. ಆಗ ಸಣ್ಣ ಪೊಟ್ಟಣಕ್ಕೆ 75, ಮಧ್ಯಮ ಸೆಟ್ಟಿಗೆ 375, ದೊಡ್ಡ ಸೆಟ್ಟಿಗೆ 750 ರೂಪಾಯಿ ವೆಚ್ಚ ತಗಲುತ್ತದೆ. ಈ ದರದಲ್ಲಿ ಥಿಯೇಟರ್ ಮತ್ತು ವಾರ್ಡುಗಳ ಖಾತೆಗೆ ಆಂತರಿಕವಾಗಿ ಖರ್ಚು ವರ್ಗಾಯಿಸಿದರೆ ಯಾರು ಎಷ್ಟು ಬಳಸುತ್ತಿದ್ದಾರೆ, ಎಷ್ಟು ಕಟ್ಟುಗಳನ್ನು ತೆರೆದು ಬಳಸದೆ ಹಿಂದಿರುಗಿಸುತ್ತಿದ್ದಾರೆ ಎಂಬುದು ತಾನಾಗಿ ಬೆಳಕಿಗೆ ಬರುತ್ತದೆ. ನಿಜವಾದ ಉಳಿತಾಯಕ್ಕೆ ಅಲ್ಲಿ ಅವಕಾಶವಿದೆ.

ಇದೇ ಲೆಕ್ಕ ಇನ್ನೊಂದು ವಿಷಯವನ್ನೂ ಹೇಳುತ್ತದೆ. ಪರೀಕ್ಷೆಗಳ ಒಟ್ಟು ವೆಚ್ಚ 30,000 ರೂಪಾಯಿ, ಅಂದರೆ ಶೇಕಡಾ 5 ಮಾತ್ರ. ಎಲ್ಲ ಪರೀಕ್ಷೆಗಳನ್ನೂ ಕೈಬಿಟ್ಟರೂ ಘಟಕವೊಂದಕ್ಕೆ ಉಳಿಯುವುದು 3 ರೂಪಾಯಿ 75 ಪೈಸೆ. ಈ ಉಳಿತಾಯದ ಎದುರು ಇರುವ ಅಪಾಯವನ್ನು ಗಮನಿಸಿ. ಜೈವಿಕ ಪರೀಕ್ಷೆ ವಿಫಲವಾದರೆ ಹಿಂದಿನ ಯಶಸ್ವಿ ಪರೀಕ್ಷೆಯ ಅನಂತರದ ಎಲ್ಲ ಕಟ್ಟುಗಳನ್ನೂ ಹಿಂದಕ್ಕೆ ತರಿಸಬೇಕು. ವಾರಕ್ಕೊಮ್ಮೆ ಪರೀಕ್ಷಿಸುವಲ್ಲಿ ಅಂತಹ ಕಟ್ಟುಗಳು ಸುಮಾರು 875. ಪ್ರತಿದಿನ ಪರೀಕ್ಷಿಸುವಲ್ಲಿ ಸುಮಾರು 125. ಅವುಗಳಲ್ಲಿ ಹಲವು ಆ ವೇಳೆಗಾಗಲೇ ಮಕ್ಕಳ ಮೇಲೆ ಬಳಕೆಯಾಗಿರುತ್ತವೆ. ಪರೀಕ್ಷೆಯನ್ನೇ ನಡೆಸದಿದ್ದಲ್ಲಿ ಆ ಸಂಖ್ಯೆ ಎಷ್ಟೆಂದು ಹೇಳುವವರೇ ಇರುವುದಿಲ್ಲ.

ಸವಕಳಿಯ ಬಗ್ಗೆ ಒಂದು ಮಾತು. ಕಂಪನಿ ಸ್ವರೂಪದ ಆಸ್ಪತ್ರೆಗಳಿಗೆ 2013ರ ಕಂಪನಿ ಕಾಯ್ದೆಯ 2ನೇ ಅನುಸೂಚಿ ವೈದ್ಯಕೀಯ ಯಂತ್ರೋಪಕರಣಗಳ ಸ್ವರೂಪಕ್ಕನುಗುಣವಾಗಿ 13 ಅಥವಾ 15 ವರ್ಷಗಳ ಉಪಯುಕ್ತ ಆಯುಷ್ಯವನ್ನು ಸೂಚಿಸುತ್ತದೆ. ಶಿಶು ಶಸ್ತ್ರಚಿಕಿತ್ಸೆಯ ಸೂಕ್ಷ್ಮ ಕತ್ತರಿ ಅಷ್ಟು ವರ್ಷ ಬಾಳುವುದಿಲ್ಲ. ತಾಂತ್ರಿಕ ಆಧಾರವಿದ್ದು ಅದನ್ನು ಲೆಕ್ಕಪತ್ರಗಳಲ್ಲಿ ಪ್ರಕಟಪಡಿಸಿದರೆ ಕಡಿಮೆ ಆಯುಷ್ಯವನ್ನು ಪರಿಗಣಿಸಲು ಅವಕಾಶವಿದೆ. ಜೊತೆಗೆ 2014ರ ವೆಚ್ಚ ದಾಖಲೆ ಮತ್ತು ಪರಿಶೋಧನಾ ನಿಯಮಗಳಂತೆ 35 ಕೋಟಿ ರೂಪಾಯಿ ಅಥವಾ ಹೆಚ್ಚಿನ ವಹಿವಾಟುಳ್ಳ ಆಸ್ಪತ್ರೆ ಕಂಪನಿಗಳು ವೆಚ್ಚ ದಾಖಲೆಗಳನ್ನು ಇಡುವುದು ಕಡ್ಡಾಯ. ಟ್ರಸ್ಟುಗಳಿಗೆ ಈ ನಿಯಮ ಅನ್ವಯಿಸದಿದ್ದರೂ ಪದ್ಧತಿ ಅನುಕರಣೀಯ.

ಸೆಟ್ಟುಗಳ ಕೊರತೆಯ ಬೆಲೆ

ಒಂದೇ ಬಗೆಯ ನಾಲ್ಕು ಶಸ್ತ್ರಚಿಕಿತ್ಸೆಗಳು ಬೆಳಿಗ್ಗೆ 9ಕ್ಕೆ, 10.30ಕ್ಕೆ, ಮಧ್ಯಾಹ್ನ 12ಕ್ಕೆ ಮತ್ತು 1.30ಕ್ಕೆ ನಿಗದಿಯಾಗಿವೆ ಎಂದು ಭಾವಿಸೋಣ. ಬಳಕೆಯಾದ ಸೆಟ್ಟು ಪುನಃ ಸಿದ್ಧವಾಗಲು ತೊಳೆದು, ಒಣಗಿಸಿ, ಕಟ್ಟಲು 2 ಗಂಟೆ, ಯಂತ್ರದಲ್ಲಿ 1 ಗಂಟೆ, ತಣಿಸಿ ಸಾಗಿಸಲು 1 ಗಂಟೆ, ಒಟ್ಟು 4 ಗಂಟೆ ಬೇಕು. ಆಸ್ಪತ್ರೆಯಲ್ಲಿ ಎರಡೇ ಸೆಟ್ಟುಗಳಿದ್ದರೆ, 10.30ಕ್ಕೆ ಬಿಡುವಾದ ಮೊದಲ ಸೆಟ್ಟು 2.30ಕ್ಕೆ ಸಿದ್ಧವಾಗುತ್ತದೆ, 12ಕ್ಕೆ ಬಿಡುವಾದ ಎರಡನೆಯದು 4ಕ್ಕೆ. ಮೂರನೆಯ ಮತ್ತು ನಾಲ್ಕನೆಯ ಮಗು ತಲಾ ಎರಡೂವರೆ ಗಂಟೆ ಕಾಯಬೇಕು.

ಈ ಕಾಯುವಿಕೆಯ ಅರ್ಥ ಮಕ್ಕಳ ಆಸ್ಪತ್ರೆಯಲ್ಲಿ ಬೇರೆ. ಅರಿವಳಿಕೆಗೆ 4 ಗಂಟೆ ಮೊದಲು ಹಸುಳೆಗೆ ಎದೆಹಾಲು ನಿಲ್ಲಿಸಬೇಕು. 12ರ ಶಸ್ತ್ರಚಿಕಿತ್ಸೆಗೆ 8ಕ್ಕೆ ಹಾಲು ನಿಲ್ಲಿಸಿದ ಮಗು 2.30ರ ವೇಳೆಗೆ ಆರೂವರೆ ಗಂಟೆ ಹಾಲಿಲ್ಲದೆ ಇರುತ್ತದೆ. ಮಗು ಅಳುತ್ತದೆ, ತಾಯಿ ಕಂಗಾಲಾಗುತ್ತಾಳೆ, ಶಸ್ತ್ರವೈದ್ಯರು ಅವಸರಪಡಿಸುತ್ತಾರೆ. ಒತ್ತಡವೆಲ್ಲ ಸಿ.ಎಸ್.ಎಸ್.ಡಿ.ಯ ತಂತ್ರಜ್ಞನ ಮೇಲೆ ಬೀಳುತ್ತದೆ. ಆಗ ತೊಳೆಯುವ ಅವಧಿ ಮೊಟಕಾಗುತ್ತದೆ, ಕಟ್ಟದೆ ತುರ್ತು ಸುತ್ತಿನಲ್ಲಿ ಉಪಕರಣ ಹೊರಬರುತ್ತದೆ. ಇಂತಹ ತುರ್ತು ಕ್ರಿಮಿಶುದ್ಧೀಕರಣವನ್ನು ಅನುಕೂಲಕ್ಕಾಗಿಯಾಗಲಿ, ಹೆಚ್ಚುವರಿ ಸೆಟ್ಟು ಕೊಳ್ಳುವುದಕ್ಕೆ ಬದಲಾಗಿಯಾಗಲಿ ಬಳಸಕೂಡದೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ 2008ರ ಮಾರ್ಗಸೂಚಿ ಸ್ಪಷ್ಟಪಡಿಸಿದೆ. ಅಂದರೆ ತಂತ್ರಜ್ಞನ ಅಶಿಸ್ತು ಎಂದು ಕಾಣುವುದು ಹಲವೆಡೆ ಖರೀದಿ ಸಮಿತಿಯ ನಿರ್ಣಯದ ಪರಿಣಾಮ.

ಹೆಚ್ಚುವರಿ ಸೆಟ್ಟುಗಳ ವೆಚ್ಚವನ್ನು ನೋಡೋಣ. ಸೆಟ್ಟೊಂದರ ಬೆಲೆ 1,20,000 ರೂಪಾಯಿ, ಆಯುಷ್ಯ 8 ವರ್ಷ ಎಂದಾದರೆ ತಿಂಗಳಿಗೆ 1,250 ರೂಪಾಯಿ. ದಿನದ ಅಗತ್ಯಕ್ಕೆ ಎರಡು, ಆಪತ್ತಿಗೆ ಒಂದು, ಹೀಗೆ ಮೂರು ಸೆಟ್ಟುಗಳಿಗೆ 3,750 ರೂಪಾಯಿ. ಹೂಡಿದ 3,60,000 ರೂಪಾಯಿಗೆ ಶೇಕಡಾ 10ರಂತೆ ಬಡ್ಡಿ ತಿಂಗಳಿಗೆ 3,000 ರೂಪಾಯಿ. ಒಟ್ಟು 6,750. ತಿಂಗಳಲ್ಲಿ 22 ದಿನ, ದಿನಕ್ಕೆ 4ರಂತೆ 88 ಶಸ್ತ್ರಚಿಕಿತ್ಸೆಗಳಿಗೆ ಹಂಚಿದರೆ ತಲಾ ಸುಮಾರು 77 ರೂಪಾಯಿ. ಥಿಯೇಟರ್ ಖಾಲಿ ಬಿದ್ದಿರುವ ಎರಡೂವರೆ ಗಂಟೆಯ ಸಂಬಳ ಮತ್ತು ವಿದ್ಯುತ್ ಖರ್ಚಿನೊಂದಿಗೆ ಇದನ್ನು ಹೋಲಿಸಿದರೆ ಯಾವುದು ದುಬಾರಿ ಎಂಬುದು ಆಡಳಿತ ಮಂಡಳಿಗೆ ಮನದಟ್ಟಾಗುತ್ತದೆ.

ಒಮ್ಮೆ ಮಾತ್ರ ಬಳಸುವ ಸಾಮಗ್ರಿ

ಒಂದೇ ಬಾರಿ ಬಳಸತಕ್ಕದ್ದೆಂದು ತಯಾರಕರು ನಮೂದಿಸಿದ ಕೆಥೀಟರ್, ಟ್ಯೂಬುಗಳನ್ನು ಪುನಃ ಸಂಸ್ಕರಿಸಿ ಬಳಸುವ ಪ್ರಲೋಭನೆ ಇದೆ. ಮಕ್ಕಳ ಅಳತೆಯ ಸಾಮಗ್ರಿ ದುಬಾರಿ ಹಾಗೂ ಕೆಲವೊಮ್ಮೆ ದುರ್ಲಭವಾದ್ದರಿಂದ ಇಲ್ಲಿ ಈ ಪ್ರಲೋಭನೆ ಹೆಚ್ಚು. ಕಿರಿದಾದ ಕೊಳವೆಯ ಒಳಭಾಗ ಶುಚಿಯಾಗಿದೆ ಎಂದು ದೃಢಪಡಿಸುವ ದಾರಿ ಸಾಮಾನ್ಯ ಆಸ್ಪತ್ರೆಗಳಲ್ಲಿಲ್ಲ. ಆಡಳಿತ ಮಂಡಳಿಯು ಈ ಬಗ್ಗೆ ಲಿಖಿತ ನೀತಿಯನ್ನು ಅಂಗೀಕರಿಸಬೇಕು. ಪುನರ್ಬಳಕೆಯ ಸಾಮಗ್ರಿಗೆ ಪೋಷಕರಿಂದ ಹೊಸದರ ಬೆಲೆಯನ್ನು ವಸೂಲು ಮಾಡಿದರೆ ಅದು ವಂಚನೆಯಾಗುತ್ತದೆ. ಖರೀದಿಸಿದ ಸಂಖ್ಯೆಯನ್ನೂ ಬಿಲ್ಲಿನಲ್ಲಿ ವಿಧಿಸಿದ ಸಂಖ್ಯೆಯನ್ನೂ ತಿಂಗಳಿಗೊಮ್ಮೆ ತಾಳೆ ನೋಡುವುದು ಆಂತರಿಕ ಪರಿಶೋಧಕರ ಕಾರ್ಯಸೂಚಿಯಲ್ಲಿರಬೇಕು.

ಹೊರಗುತ್ತಿಗೆ ಮತ್ತು ತೆರಿಗೆ

ಸಣ್ಣ ಆಸ್ಪತ್ರೆಗಳು ಒಟ್ಟಾಗಿ ಒಂದು ಕೇಂದ್ರ ಘಟಕದಿಂದ ಸೇವೆ ಪಡೆಯುವುದು ಸಾಧ್ಯ. ಆದರೆ ಲೆಕ್ಕ ಹಾಕುವಾಗ ಎರಡು ಅಂಶಗಳನ್ನು ಮರೆಯಬಾರದು. ಮೊದಲನೆಯದಾಗಿ, 2017ರ ಜುಲೈ 1ರಿಂದ ಜಾರಿಯಲ್ಲಿರುವ ಜಿ.ಎಸ್.ಟಿ. ವ್ಯವಸ್ಥೆಯಲ್ಲಿ ಆರೋಗ್ಯ ಸೇವೆಗೆ ವಿನಾಯಿತಿ ಇರುವುದರಿಂದ ಆಸ್ಪತ್ರೆ ಕಟ್ಟಿದ ತೆರಿಗೆಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯುವುದಿಲ್ಲ. ಸ್ವಂತ ಸಿಬ್ಬಂದಿಯ ವೇತನಕ್ಕೆ ಜಿ.ಎಸ್.ಟಿ. ಇಲ್ಲ, ಹೊರಗುತ್ತಿಗೆ ಬಿಲ್ಲಿನಲ್ಲಿ ಅದೇ ಶ್ರಮದ ಮೇಲೆ ತೆರಿಗೆ ಬಿದ್ದರೆ ಅದು ಪೂರ್ತಿ ವೆಚ್ಚವೇ. ಎರಡನೆಯದಾಗಿ, ಸಾಗಣೆಯ ಕಾಲ. ಸೆಟ್ಟು ಹಿಂದಿರುಗಲು 4 ಗಂಟೆಯ ಬದಲು 24 ಗಂಟೆ ಹಿಡಿದರೆ ಅದಕ್ಕೆ ತಕ್ಕಷ್ಟು ಹೆಚ್ಚುವರಿ ಸೆಟ್ಟುಗಳನ್ನು ಕೊಳ್ಳಬೇಕಾಗುತ್ತದೆ. ಒಪ್ಪಂದದಲ್ಲಿ ಪರೀಕ್ಷಾ ದಾಖಲೆಗಳ ಪ್ರತಿ, ಹಠಾತ್ ತಪಾಸಣೆಯ ಹಕ್ಕು, ಉಪಕರಣ ನಷ್ಟದ ಹೊಣೆ ಇವು ಸ್ಪಷ್ಟವಾಗಿರಬೇಕು. ಕೆಲಸವನ್ನು ಹೊರಗೆ ಕೊಡಬಹುದು. ಮಗುವಿನ ಬಗೆಗಿನ ಹೊಣೆಯನ್ನು ಹೊರಗೆ ಕೊಡಲಾಗದು.

ದಾಖಲೆ ಮತ್ತು ಕಾನೂನು

ಪ್ರತಿ ಕಟ್ಟಿಗೂ ಯಂತ್ರದ ಸಂಖ್ಯೆ, ಸುತ್ತಿನ ಸಂಖ್ಯೆ, ದಿನಾಂಕ, ಕಟ್ಟಿದವರ ಗುರುತು ಇರುವ ಚೀಟಿ ಇರಬೇಕು; ಬಳಕೆಯಾದ ಮೇಲೆ ಆ ಚೀಟಿ ಮಗುವಿನ ಕೇಸ್ ಶೀಟಿಗೆ ಅಂಟಬೇಕು. ಯಾವ ಮಗುವಿಗೆ ಯಾವ ಸುತ್ತಿನ ಉಪಕರಣ ಬಳಕೆಯಾಯಿತು ಎಂಬುದನ್ನು ಹೇಳುವ ಏಕೈಕ ಕೊಂಡಿ ಇದು.

ಸುಪ್ರೀಂ ಕೋರ್ಟು 1995ರಲ್ಲಿ ವಿ.ಪಿ. ಶಾಂತಾ ಪ್ರಕರಣದಲ್ಲಿ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ತೀರ್ಪಿತ್ತಿದೆ. ವೈದ್ಯಕೀಯ ದಾಖಲೆಗಳನ್ನು 3 ವರ್ಷ ಇಡಬೇಕೆಂಬುದು 2002ರ ವೈದ್ಯಕೀಯ ಮಂಡಳಿಯ ನಿಯಮಾವಳಿಯಲ್ಲಿತ್ತು. ಆದರೆ 1963ರ ಲಿಮಿಟೇಷನ್ ಕಾಯ್ದೆಯ 6ನೇ ಕಲಮಿನಂತೆ ಅಪ್ರಾಪ್ತ ವಯಸ್ಕರು ಪ್ರಾಪ್ತ ವಯಸ್ಸಿಗೆ ಬಂದ ಮೇಲೆಯೂ ದಾವೆ ಹೂಡಬಹುದು. ಇಂದಿನ ನವಜಾತ ಶಿಶುವಿನ ವಿಷಯದಲ್ಲಿ ಆ ಅವಕಾಶ ಇಪ್ಪತ್ತು ವರ್ಷಗಳ ಅನಂತರವೂ ಉಳಿದಿರಬಹುದು. ಆದುದರಿಂದ ಮಕ್ಕಳ ಆಸ್ಪತ್ರೆಗಳು ದಾಖಲೆ ಉಳಿಸಿಕೊಳ್ಳುವ ಅವಧಿಯನ್ನು ಕಾನೂನು ಸಲಹೆ ಪಡೆದು ನಿಗದಿಪಡಿಸುವುದು ಕ್ಷೇಮ.

ಆಡಳಿತ ಮಂಡಳಿ ಕೇಳಬೇಕಾದ ಪ್ರಶ್ನೆಗಳು

ಧರ್ಮದರ್ಶಿಗಳು ಅಥವಾ ನಿರ್ದೇಶಕರು ತಾಂತ್ರಿಕ ತಜ್ಞರಾಗಿರಬೇಕಿಲ್ಲ. ಪ್ರತಿ ತಿಂಗಳು ಈ ಕೆಳಗಿನ ಮಾಹಿತಿಯನ್ನು ಕೇಳಿದರೆ ಸಾಕು:

1. ಘಟಕವೊಂದರ ವೆಚ್ಚ ಎಷ್ಟು? ಹಿಂದಿನ ತಿಂಗಳಿಗಿಂತ ಏಕೆ ಬದಲಾಗಿದೆ?
2. ಎಷ್ಟು ಸುತ್ತುಗಳು ವಿಫಲವಾದವು? ಎಷ್ಟು ಕಟ್ಟುಗಳು ಒದ್ದೆಯಾಗಿ ಬಂದವು?
3. ತುರ್ತು ಸುತ್ತುಗಳು ಎಷ್ಟು ನಡೆದವು? ಯಾವ ಸೆಟ್ಟಿನ ಕೊರತೆಯಿಂದ?
4. ಸೆಟ್ಟು ಸಿದ್ಧವಿಲ್ಲದ ಕಾರಣ ಎಷ್ಟು ಶಸ್ತ್ರಚಿಕಿತ್ಸೆಗಳು ತಡವಾದವು?
5. ಜೈವಿಕ ಪರೀಕ್ಷೆ ಎಷ್ಟು ದಿನ ತಪ್ಪಿತು?
6. ಸಿಬ್ಬಂದಿಗೆ ತರಬೇತಿ ಮತ್ತು ಹೆಪಟೈಟಿಸ್ ಬಿ ಲಸಿಕೆ ಆಗಿದೆಯೇ? ರಾತ್ರಿ ಪಾಳಿಯಲ್ಲಿ ತರಬೇತಿ ಪಡೆದವರು ಇದ್ದಾರೆಯೇ?

ಇವುಗಳಲ್ಲಿ ಮೂರನೆಯ ಪ್ರಶ್ನೆ ಅತ್ಯಂತ ಉಪಯುಕ್ತ. ತುರ್ತು ಸುತ್ತುಗಳ ಸಂಖ್ಯೆ ಏರುತ್ತಿದ್ದರೆ ಮುಂದಿನ ಖರೀದಿ ಯಾವುದೆಂಬುದನ್ನು ಅದೇ ತಿಳಿಸುತ್ತದೆ. ವಿಭಾಗದ ಮೇಲ್ವಿಚಾರಕರು 'ಈ ಸುತ್ತು ಸರಿಯಿಲ್ಲ, ಕಟ್ಟನ್ನು ಕೊಡಲಾಗದು' ಎಂದು ಹೇಳಿದಾಗ ಅವರ ಮಾತಿಗೆ ಹಿರಿಯ ವೈದ್ಯರೂ ಬದ್ಧರಾಗಿರಬೇಕು. ಈ ಅಧಿಕಾರವನ್ನು ಅವರಿಗೆ ಲಿಖಿತವಾಗಿ ನೀಡಬೇಕಾದುದು ಆಡಳಿತ ಮಂಡಳಿಯೇ.

ಕ್ರಿಮಿಶುದ್ಧೀಕರಣ ವಿಭಾಗದ ಯಶಸ್ಸು ಲೆಕ್ಕಪತ್ರದಲ್ಲಿ ಆದಾಯವಾಗಿ ಕಾಣುವುದಿಲ್ಲ. ಸೋಂಕು ತಗಲದೆ ಮನೆಗೆ ಮರಳಿದ ಮಗುವಿಗೆ ಯಾವ ಖಾತೆಯಲ್ಲಿಯೂ ಜಮಾ ಇಲ್ಲ. ಆದರೆ ಆ ವಿಭಾಗದ ವೆಚ್ಚವನ್ನು ಪ್ರತ್ಯೇಕವಾಗಿ ಬರೆದಿಟ್ಟರೆ ಉಳಿತಾಯ ಎಲ್ಲಿ ಸಾಧ್ಯ, ಎಲ್ಲಿ ಅದು ಕೇವಲ ಅಪಾಯವನ್ನು ಮಗುವಿನ ಮೇಲೆ ವರ್ಗಾಯಿಸುವ ಕ್ರಮ ಎಂಬುದು ನಿಚ್ಚಳವಾಗುತ್ತದೆ. ಬಳಸದೆ ಹಿಂದಿರುಗುವ ಕಟ್ಟುಗಳು, ಗಡಸು ನೀರಿನಿಂದ ಆಗುವ ನಷ್ಟ, ಅಜಾಗರೂಕತೆಯಿಂದ ಮುರಿಯುವ ಉಪಕರಣಗಳು ಇಲ್ಲೆಲ್ಲ ಮಿತವ್ಯಯಕ್ಕೆ ಅವಕಾಶವಿದೆ. ತೊಳೆಯುವ ಸಮಯ, ಪರೀಕ್ಷೆ ಮತ್ತು ಸೆಟ್ಟುಗಳ ಸಂಖ್ಯೆಯಲ್ಲಿ ಇಲ್ಲ.